ಸೋಂಕು ಇದ್ದಾಗ ಐರನ್ ಮಾತ್ರೆ ಬಿಡಬೇಕಾ? ಮನೆಯವರ ಗುಂಪಿನಲ್ಲಿ ನಡೆದ ಮಾತು

ಶ್ರೀಧರ ಮಾವ: (ಫಾರ್ವರ್ಡ್ ಆಗಿದ್ದು) ರೋಗಾಣುಗಳಿಗೆ ಬೆಳೆಯಲು ಕಬ್ಬಿಣಾಂಶ ಬೇಕೇ ಬೇಕು!! ಸೋಂಕು ಇದ್ದಾಗ ಐರನ್ ಮಾತ್ರೆ ನುಂಗುವುದು ಶತ್ರುವಿಗೆ ಊಟ ಬಡಿಸಿದಂತೆ. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆ ಇದ್ದಷ್ಟೂ ಒಳ್ಳೆಯದು. ಇಂದೇ ಮಾತ್ರೆ ನಿಲ್ಲಿಸಿ. ನಿಮ್ಮವರಿಗೆಲ್ಲ ಕಳಿಸಿ.

ಮೇಘನಾ: ಮಾವ, ದಯವಿಟ್ಟು ಇದನ್ನು ಅಳಿಸಿಬಿಡಿ. ಮೊದಲ ಸಾಲು ಬಹುಮಟ್ಟಿಗೆ ನಿಜ. ಆದರೆ ಉಳಿದದ್ದನ್ನು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ ತೊಂದರೆಯಾಗುತ್ತದೆ.

ಶ್ರೀಧರ ಮಾವ: ಸುಮ್ನೆ ಕಳಿಸಿದ್ದಲ್ಲ ಮೇಘನಾ. ಹೋದ ವರ್ಷ ರಕ್ತಕ್ಕೆ ಇನ್‌ಫೆಕ್ಷನ್ ಆಗಿ ನಾನು ಆಸ್ಪತ್ರೆಯಲ್ಲಿದ್ದಾಗ ಐರನ್ ಡ್ರಿಪ್ ಹಾಕುವುದಿತ್ತು. ಡಾಕ್ಟರೇ ಬೇಡ ಎಂದರು. ಇನ್‌ಫೆಕ್ಷನ್ ಇಳಿದ ಮೇಲೆ ನೋಡೋಣ ಎಂದರು. ಇದು ನನ್ನ ಅನುಭವ.

ಸುಧಾ ಅತ್ತೆ: ಹೌದು, ನಾನೂ ಅಲ್ಲೇ ಇದ್ದೆ.

ದಿವ್ಯಾ: ಅಪ್ಪ ಇದನ್ನು ನನಗೆ ಮೂರು ದಿನದ ಹಿಂದೆಯೇ ಕಳಿಸಿದ್ದರು. ಅವತ್ತಿನಿಂದ ಐರನ್ ಮಾತ್ರೆ ಬಿಟ್ಟಿದ್ದೇನೆ. ಯೂರಿನ್ ಇನ್‌ಫೆಕ್ಷನ್‌ಗೆ ಆ್ಯಂಟಿಬಯೋಟಿಕ್ ನಡೆಯುತ್ತಿದೆಯಲ್ಲ, ಅದಕ್ಕೆ.

ಮೇಘನಾ: ದಿವ್ಯಾ, ನಿನಗೀಗ ಏಳು ತಿಂಗಳು. ಹಿಮೋಗ್ಲೋಬಿನ್ 9ಕ್ಕೆ ಇಳಿದಿದೆ ಎಂದು ನೀನೇ ಹೇಳಿದ್ದೆ. ಮೊದಲು ಡಾಕ್ಟರಿಗೆ ಫೋನ್ ಮಾಡಿ ಮಾತ್ರೆ ಬಿಟ್ಟ ವಿಷಯ ಹೇಳು. ಉಳಿದದ್ದನ್ನು ಆಮೇಲೆ ಓದು.

ಮೇಘನಾ: ಮಾವ, ಲ್ಯಾಬಿನಲ್ಲಿ ದಿನಾ ಬ್ಯಾಕ್ಟೀರಿಯಾ ಬೆಳೆಸುವುದೇ ನನ್ನ ಕೆಲಸ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಬಹುತೇಕ ಬ್ಯಾಕ್ಟೀರಿಯಾಗಳಿಗೆ ಉಸಿರಾಡಲು ಕಬ್ಬಿಣ ಬೇಕು, ಹೊಸ ಡಿಎನ್‌ಎ ಕಟ್ಟಿಕೊಳ್ಳಲೂ ಬೇಕು. ಆದರೆ ನಮ್ಮ ಮೈಯಲ್ಲಿ ಅದು ಕೈಗೆ ಸಿಗುವಂತೆ ಬಿದ್ದಿರುವುದಿಲ್ಲ. ಮೂರರಲ್ಲಿ ಸುಮಾರು ಎರಡು ಪಾಲು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲಿದೆ. ಉಳಿದದ್ದರಲ್ಲಿ ಹೆಚ್ಚಿನದು ಜೀವಕೋಶಗಳ ಒಳಗೆ ಫೆರಿಟಿನ್ ಎಂಬ ಪ್ರೋಟೀನ್‌ನಲ್ಲಿ ಭದ್ರವಾಗಿದೆ. ರಕ್ತದಲ್ಲಿ ಓಡಾಡುವ ಚೂರುಪಾರನ್ನು ಟ್ರಾನ್ಸ್‌ಫೆರಿನ್ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಆರೋಗ್ಯವಂತರಲ್ಲಿ ಈ ಟ್ರಾನ್ಸ್‌ಫೆರಿನ್ ಮೂರನೇ ಒಂದು ಭಾಗದಷ್ಟೇ ತುಂಬಿರುತ್ತದೆ. ಇನ್ನಷ್ಟು ಕಬ್ಬಿಣ ಬಂದರೂ ಹಿಡಿಯಲು ಜಾಗ ಇದೆ. ಇದು ಹೊಸ ಸಂಗತಿಯೇನಲ್ಲ. ಮೊಟ್ಟೆಯ ಬಿಳಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಅದಕ್ಕೆ ಕಬ್ಬಿಣ ಬೆರೆಸಿದರೆ ಬೆಳೆಯುತ್ತವೆ ಎಂದು ಷೇಡ್ ಮತ್ತು ಕ್ಯಾರೊಲೀನ್ 1944ರಲ್ಲೇ ತೋರಿಸಿದ್ದರು.

ಸೋಂಕು ಬಂದಾಗ ಈ ಕಾವಲು ಇನ್ನೂ ಬಿಗಿಯಾಗುತ್ತದೆ. ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಅದು ಕರುಳಿನಿಂದ ರಕ್ತಕ್ಕೆ ಕಬ್ಬಿಣ ಹೋಗುವ ಬಾಗಿಲನ್ನು ಮುಚ್ಚುತ್ತದೆ. ಕೆಲವೇ ಗಂಟೆಗಳಲ್ಲಿ ರಕ್ತದ ಕಬ್ಬಿಣ ಇಳಿಯುತ್ತದೆ. ಮಾತ್ರೆ ಈ ಬಾಗಿಲಿನ ಮೂಲಕವೇ ಒಳಗೆ ಬರಬೇಕು. ಡ್ರಿಪ್ ಹಾಗಲ್ಲ, ನೇರವಾಗಿ ರಕ್ತಕ್ಕೆ ಇಳಿಯುತ್ತದೆ. ಹಾಗಾಗಿ ನಿಮ್ಮ ಡಾಕ್ಟರ್ ಅವತ್ತು ಮಾಡಿದ್ದು ಸರಿಯೇ.

ಶ್ರೀಧರ ಮಾವ: ಮೈಯೇ ಕಬ್ಬಿಣ ಇಳಿಸುತ್ತದೆ ಎಂದರೆ ಕಡಿಮೆ ಇರುವುದೇ ಒಳ್ಳೆಯದು ಎಂದು ನೀನೇ ಒಪ್ಪಿಕೊಂಡ ಹಾಗಾಯಿತು.

ಕಾರ್ತಿಕ್: ಅಕ್ಕ, ಮಾವ ಹೇಳುವುದರಲ್ಲೂ ಅರ್ಥ ಇದೆ. 2009ರಲ್ಲಿ ಶಿಕಾಗೋದಲ್ಲಿ ಪ್ಲೇಗ್ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುತ್ತಿದ್ದ ಸಂಶೋಧಕರೊಬ್ಬರು ಅದರಿಂದಲೇ ತೀರಿಕೊಂಡರು. ಅದು ಕಬ್ಬಿಣ ಹೀರುವ ಶಕ್ತಿ ಕಳೆದುಕೊಂಡಿದ್ದ ದುರ್ಬಲ ತಳಿ. ಆದರೆ ಅವರ ಮೈಯಲ್ಲಿ ಕಬ್ಬಿಣ ಅತಿಯಾಗಿತ್ತಂತೆ.

ಮೇಘನಾ: ನಿಜ ಕಾರ್ತಿಕ್. ಅವರಿಗೆ ಹಿಮೋಕ್ರೊಮಟೋಸಿಸ್ ಇತ್ತು, ಹುಟ್ಟಿನಿಂದಲೇ ಬರುವ ಕಾಯಿಲೆ. ಬದುಕಿದ್ದಾಗ ಅದು ಪತ್ತೆಯಾಗಿರಲಿಲ್ಲ. ಅದರಲ್ಲಿ ಆ ಬಾಗಿಲು ಸರಿಯಾಗಿ ಮುಚ್ಚುವುದೇ ಇಲ್ಲ, ಕಬ್ಬಿಣ ತುಂಬುತ್ತಲೇ ಹೋಗುತ್ತದೆ. ದುರ್ಬಲ ತಳಿಗೆ ಅದೇ ಬಲ ಕೊಟ್ಟಿರಬಹುದು ಎಂದು ತನಿಖೆ ಮಾಡಿದವರು ಹೇಳಿದರು. ಅಂಥವರು ಐರನ್ ಮಾತ್ರೆ ಮುಟ್ಟಲೇಬಾರದು. ಆದರೆ ದಿವ್ಯಾಳ ಸ್ಥಿತಿ ಇದಕ್ಕೆ ಪೂರ್ತಿ ಉಲ್ಟಾ ಅಲ್ವಾ?

ಮಾವ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸೋಂಕಿನ ಹೊತ್ತಿಗೆ ಮೈ ಕಬ್ಬಿಣವನ್ನು ಬಚ್ಚಿಡುತ್ತದೆ. ದಿವ್ಯಾಳ ಮೈಯಲ್ಲಿ ಬಚ್ಚಿಡಲೂ ಕಬ್ಬಿಣ ಉಳಿದಿಲ್ಲ. ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣಗಳಿಗೂ ಕಬ್ಬಿಣ ಬೇಕು. ಬ್ಯಾಕ್ಟೀರಿಯಾ ಕೊಲ್ಲಲು ಅವು ಬಳಸುವ ಒಂದು ಮುಖ್ಯ ಕಿಣ್ವ ಕಬ್ಬಿಣ ಇಲ್ಲದೆ ತಯಾರಾಗುವುದಿಲ್ಲ.

ಇನ್ನು, ಕಬ್ಬಿಣ ಸಿಗದಿದ್ದರೆ ಬ್ಯಾಕ್ಟೀರಿಯಾ ಸುಮ್ನೆ ಕೂರುತ್ತವೆಯೇ? ಯೂರಿನ್ ಇನ್‌ಫೆಕ್ಷನ್ ತರುವ ಇ. ಕೊಲೈಯನ್ನೇ ನೋಡಿ. ಅದು ಸಿಡೆರೊಫೋರ್ ಎಂಬ ಸಣ್ಣ ಅಣುಗಳನ್ನು ಹೊರಗೆ ಬಿಡುತ್ತದೆ. ಅವು ಟ್ರಾನ್ಸ್‌ಫೆರಿನ್‌ನಿಂದಲೂ ಕಬ್ಬಿಣ ಕಿತ್ತು ತರುತ್ತವೆ. ನಮ್ಮ ಮೈ ಅಂಥ ಒಂದು ಅಣುವನ್ನು ಹಿಡಿದುಹಾಕಲು ಬೇರೊಂದು ಪ್ರೋಟೀನ್ ಬಿಡುತ್ತದೆ. ಸಾಲ್ಮೊನೆಲ್ಲಾ ಅದೇ ಅಣುವಿಗೆ ಸಕ್ಕರೆ ಅಂಟಿಸಿ ಆ ಪ್ರೋಟೀನ್‌ನಿಂದ ತಪ್ಪಿಸಿಕೊಳ್ಳುತ್ತದೆ. ಎಷ್ಟು ಸಲ ಓದಿದರೂ ನನಗೆ ಇದು ಅಚ್ಚರಿಯೇ. ಸ್ಟೆಫೈಲೊಕಾಕಸ್ ರಕ್ತಕಣ ಒಡೆದು ಹಿಮೋಗ್ಲೋಬಿನ್‌ಗೇ ಕೈ ಹಾಕುತ್ತದೆ. ಮೂರು ದಿನ ಮಾತ್ರೆ ಬಿಟ್ಟ ಮಾತ್ರಕ್ಕೆ ಇವು ಹಸಿದು ಸಾಯುವುದಿಲ್ಲ.

ಗಂಟಲಮಾರಿ, ಅಂದರೆ ಡಿಫ್ತೀರಿಯಾದ ಬ್ಯಾಕ್ಟೀರಿಯಾ ಕಬ್ಬಿಣ ಕಡಿಮೆಯಾದಾಗಲೇ ವಿಷ ಜಾಸ್ತಿ ಮಾಡುತ್ತದೆ. ಕಬ್ಬಿಣ ಸಾಕಷ್ಟಿದ್ದರೆ ಆ ವಿಷದ ಜೀನ್ ಮುಚ್ಚಿಕೊಂಡಿರುತ್ತದೆ. ಲೈಮ್ ಕಾಯಿಲೆಯ ಬ್ಯಾಕ್ಟೀರಿಯಾಗಂತೂ ಕಬ್ಬಿಣವೇ ಬೇಡ, ಮ್ಯಾಂಗನೀಸ್ ಸಾಕು. "ಕಡಿಮೆ ಇದ್ದಷ್ಟೂ ಒಳ್ಳೆಯದು" ಎಂಬ ಸಾಲಿಗೆ ಏನು ಆಧಾರ ಹೇಳಿ?

ಸುಧಾ ಅತ್ತೆ: ನನಗೊಂದು ಸಂಶಯ. ಸೋಂಕು ಇದ್ದಾಗ ಬಾಗಿಲು ಮುಚ್ಚಿರುತ್ತದೆ ಎಂದೆ. ಹಾಗಾದರೆ ದಿವ್ಯಾ ಮಾತ್ರೆ ನುಂಗಿದರೂ ದಂಡ ಅಲ್ವಾ?

ಮೇಘನಾ: ಒಳ್ಳೆಯ ಪ್ರಶ್ನೆ ಅತ್ತೆ. ಮೈಯೆಲ್ಲ ಜ್ವರ ಏರಿ ನರಳುವ ಸೋಂಕಿನಲ್ಲಿ ಬಾಗಿಲು ಜೋರಾಗಿ ಮುಚ್ಚುತ್ತದೆ. ದಿವ್ಯಾಗೆ ಜ್ವರ ಇಲ್ಲ. ಅಲ್ಲದೆ ಬಸಿರಿನ ಕೊನೆಯ ತಿಂಗಳುಗಳಲ್ಲಿ ಹೆಪ್ಸಿಡಿನ್ ತಾನಾಗಿಯೇ ಕಡಿಮೆ ಇರುತ್ತದೆ, ಕರುಳು ಕಬ್ಬಿಣವನ್ನು ಹೆಚ್ಚು ಹೀರುತ್ತದೆ. ಮಗು ತನ್ನ ಕಬ್ಬಿಣದ ಬಹುಪಾಲನ್ನು ಕೂಡಿಟ್ಟುಕೊಳ್ಳುವುದು ಈ ಕೊನೆಯ ಮೂರು ತಿಂಗಳಲ್ಲೇ. ಅದಕ್ಕೇ ನನಗೆ ಇಷ್ಟು ಆತಂಕ.

ದಿವ್ಯಾ: ಡಾಕ್ಟರ್ ಸಿಕ್ಕರು. ಇವತ್ತಿನಿಂದಲೇ ಐರನ್ ಮಾತ್ರೆ ಮತ್ತೆ ಶುರು ಮಾಡಲು ಹೇಳಿದರು. ಆ್ಯಂಟಿಬಯೋಟಿಕ್ ಜೊತೆ ಒಂದೇ ಹೊತ್ತಿಗೆ ಬೇಡವಂತೆ. ಮುಂದಿನ ವಾರ ಫೆರಿಟಿನ್ ಟೆಸ್ಟ್.

ಮೇಘನಾ: ಸೋಂಕಿನಲ್ಲಿ ಫೆರಿಟಿನ್ ಸುಮ್ನೆ ಮೇಲೇರಿರಬಹುದು ದಿವ್ಯಾ. ನಂಬರ್ ಚೆನ್ನಾಗಿ ಬಂತೆಂದು ನೀನೇ ಮಾತ್ರೆ ನಿಲ್ಲಿಸಬೇಡ. ಡಾಕ್ಟರ್ ನೋಡಲಿ.

ದಿವ್ಯಾ: ಸರಿ ಮೇಘಕ್ಕ.

ಶ್ರೀಧರ ಮಾವ: ಮಗಳಿಗೆ ಒಳ್ಳೆಯದಾಗಲಿ ಎಂದೇ ಕಳಿಸಿದ್ದೆ. ಇಲ್ಲಿ ಅಳಿಸಿದ್ದೇನೆ. ಆದರೆ ಇನ್ನೆರಡು ಗುಂಪಿಗೂ ಹಾಕಿದ್ದೆ, ಅಲ್ಲಿ ಈಗ ಅಳಿಸಲು ಬರುತ್ತಿಲ್ಲ. ಹೀಗೆ ಬರೆಯಲಾ? "ಮೊನ್ನೆ ನಾನು ಕಳಿಸಿದ ಐರನ್ ಮಾತ್ರೆಯ ಸಂದೇಶ ತಪ್ಪು. ಅದನ್ನು ನೋಡಿ ಯಾರಾದರೂ ಮಾತ್ರೆ ಬಿಟ್ಟಿದ್ದರೆ ಇಂದೇ ನಿಮ್ಮ ಡಾಕ್ಟರನ್ನು ಕೇಳಿ."

ಮೇಘನಾ: ಚೆನ್ನಾಗಿದೆ ಮಾವ. ನಿಮ್ಮ ಡ್ರಿಪ್ ವಿಷಯವನ್ನೂ ಒಂದು ಸಾಲು ಸೇರಿಸಿ, ಅದು ಜನರಿಗೆ ಗೊತ್ತಿರಬೇಕಾದದ್ದೇ.

ಶ್ರೀಧರ ಮಾವ: ಸೇರಿಸಿದೆ. ಎರಡೂ ಕಡೆ ಹಾಕಿದೆ. ಒಬ್ಬರು ಆಗಲೇ ಫೋನ್ ಮಾಡುತ್ತಿದ್ದಾರೆ, ಮಾತಾಡಿ ಬರುತ್ತೇನೆ.