ಅಮ್ಮನ ಜೊತೆ ಕವಲೇದುರ್ಗ ಹತ್ತಬಹುದಾ?

ತುಂಗೆದಡ:
ದೀಪಾವಳಿ ರಜೆಗೆ ಶಿವಮೊಗ್ಗದಿಂದ ಹೊರಡುತ್ತಿದ್ದೇವೆ. ಅಮ್ಮನಿಗೆ ಅರವತ್ತು ದಾಟಿದೆ. ಮಂಡಿ ಅಷ್ಟು ಗಟ್ಟಿಯಿಲ್ಲ, ಆದರೆ ನಿಧಾನಕ್ಕೆ ಎಷ್ಟು ಬೇಕಾದರೂ ನಡೆಯುತ್ತಾರೆ. ಕುಂದಾದ್ರಿಗೆ ಕಾರೇ ಮೇಲೆ ಹೋಗುತ್ತದಲ್ವಾ, ಹಾಗಾಗಿ ಅದು ಬೇಡ ಅಂತಾರೆ. ಕಾಡಿನ ನೆರಳಲ್ಲಿ ನಡೆಯಬೇಕು, ಹೋದ ಮೇಲೆ ನೋಡಲು ಏನಾದರೂ ಇರಬೇಕು. ಕವಲೇದುರ್ಗದ ಕೋಟೆ ಆಗಬಹುದಾ?

ಅಡಿಕೆತೋಟ:
ಧಾರಾಳವಾಗಿ. ತೀರ್ಥಹಳ್ಳಿಯಿಂದ ಸುಮಾರು 18 ಕಿ.ಮೀ. ಗಾಡಿ ಕೆಳಗೆ ಊರಲ್ಲೇ ನಿಲ್ಲಿಸಿ, ಗದ್ದೆ ಪಕ್ಕದಲ್ಲೇ ಸ್ವಲ್ಪ ನಡೆದರೆ ಕಾಡು ಶುರು, ಅಲ್ಲಿಂದ ಕಲ್ಲು ಹಾಸಿದ ಹಳೇ ದಾರಿ. ಕೂತು ಎದ್ದು ಹೋದರೂ ಒಂದು ಗಂಟೆಯೊಳಗೆ ಕೋಟೆ ಒಳಗಿರುತ್ತೀರಿ. ಏರು ಜಾಸ್ತಿ ಇಲ್ಲ, ಆದರೆ ಹಾಸುಗಲ್ಲುಗಳು ಒಂದೇ ಮಟ್ಟಕ್ಕಿಲ್ಲ, ಮಳೆ ಬಿದ್ದರೆ ಪಾಚಿಗೆ ಜಾರುತ್ತವೆ. ಮಂಡಿಗೆ ಕಷ್ಟ ಆಗುವುದು ಇಳಿಯುವಾಗ. ಅಮ್ಮನ ಕೈಗೊಂದು ಕೋಲು ಕೊಡಿ. ಮಳೆ ಇನ್ನೂ ಬಿಟ್ಟಿಲ್ಲ ಅಂದರೆ ಇಂಬಳ (ರಕ್ತ ಹೀರುವ ಜಿಗಣೆ) ಇರುತ್ತವೆ, ಉಪ್ಪಿನ ಗಂಟು ಜೇಬಲ್ಲಿರಲಿ.

ಕೆಳದಿಮಣ್ಣು:
ಬರೀ ತುದಿಗೆ ಹೋಗಿ ಫೋಟೋ ತೆಗೆದು ಬರಬೇಡಿ ದಯವಿಟ್ಟು. ಕೆಳದಿ ನಾಯಕರ ಕೋಟೆ ಅದು. ಒಂದರ ಒಳಗೊಂದು ಸುತ್ತು ಗೋಡೆ, ಒಂದೊಂದು ಬಾಗಿಲು ದಾಟಿದ ಹಾಗೂ ಕಾಡು ಬೇರೆ ಥರ ಕಾಣಿಸುತ್ತದೆ. ಅರಮನೆ ಇದ್ದ ಜಾಗದಲ್ಲಿ ಈಗ ಗೋಡೆ ಇಲ್ಲ, ಸೂರಿಲ್ಲ, ಬರೀ ಅಡಿಪಾಯ. ಆದರೆ ಅಡುಗೆಮನೆಯ ಕಲ್ಲಿನ ಒಲೆ ಇನ್ನೂ ಇದೆ, ಪಾತ್ರೆ ಇಡುವ ಗುಳಿಗಳ ಸಮೇತ. ಬಚ್ಚಲಿನಿಂದ ನೀರು ಹರಿದು ಹೋಗಲು ಕೊರೆದ ಕಾಲುವೆಯೂ ಇದೆ. ಅಮ್ಮನಿಗೆ ಖಂಡಿತ ಅದೇ ಇಷ್ಟ ಆಗುತ್ತದೆ, ಅಲ್ಲಿ ಸ್ವಲ್ಪ ಹೊತ್ತು ಕೂರಿ.

ಇಷ್ಟು ಒಳಗಿನ ಕಾಡಲ್ಲಿ ಇಷ್ಟು ದೊಡ್ಡ ಕೋಟೆ ಯಾಕೆ ಅಂತ ಮಕ್ಕಳು ಕೇಳಿದರೆ ಮೆಣಸಿನ ಕಥೆ ಹೇಳಿ. ಇಲ್ಲಿನ ಮೆಣಸು, ಅಕ್ಕಿ ಘಟ್ಟ ಇಳಿದು ಕರಾವಳಿಯ ಬಂದರುಗಳಿಗೆ ಹೋಗುತ್ತಿತ್ತು, ಆ ವ್ಯಾಪಾರಕ್ಕಾಗಿಯೇ ಪೋರ್ಚುಗೀಸರ ಜೊತೆ ಜಗಳ. 1650ರ ದಶಕದಲ್ಲಿ ಕೆಳದಿಯ ದೊರೆ ಶಿವಪ್ಪ ನಾಯಕ ಹೊನ್ನಾವರ, ಬಸರೂರು, ಮಂಗಳೂರಿನ ಕೋಟೆಗಳನ್ನು ಅವರಿಂದ ಕಿತ್ತುಕೊಂಡ. ರಾಜಧಾನಿ ಬಿದನೂರು, ಅಂದರೆ ಈಗಿನ ನಗರ ಅನ್ನುವ ಊರು, 1763ರಲ್ಲಿ ಹೈದರನ ಕೈಗೆ ಹೋಯಿತು.

ತುಂಗೆದಡ:
ಒಲೆ ವಿಷಯ ಹೇಳಿದ್ದೇ ತಡ, ಅಮ್ಮ ಹೊರಟು ನಿಂತಿದ್ದಾರೆ! ಮೇಲೆ ನೀರು, ತಿಂಡಿ ಸಿಗುತ್ತಾ? ಅದೇ ದಿನ ನಗರ ನೋಡಬಹುದಾ?

ಅಡಿಕೆತೋಟ:
ಮೇಲೆ ಅಂಗಡಿ ಇಲ್ಲ. ನೀರು, ಬುತ್ತಿ ಕಟ್ಟಿಕೊಂಡೇ ಹೋಗಿ, ಖಾಲಿ ಬಾಟಲಿ ವಾಪಸ್ ತನ್ನಿ. ಅಲ್ಲಿನ ಕೊಳಗಳಿಗೆ ಏನೂ ಎಸೆಯಬೇಡಿ, ಕೋಟೆಯವರೆಲ್ಲ ಬದುಕಿದ್ದೇ ಆ ನೀರಿನಿಂದ. ಬೆಳಿಗ್ಗೆ ಎಂಟಕ್ಕೆ ಹತ್ತಲು ಶುರು ಮಾಡಿದರೆ ಮಧ್ಯಾಹ್ನ ನಗರಕ್ಕೆ ಆರಾಮಾಗಿ ಹೋಗಬಹುದು. ಅಲ್ಲಿ ಕೋಟೆ ರಸ್ತೆ ಪಕ್ಕದಲ್ಲೇ ಇದೆ. ಹೊತ್ತು ಉಳಿದರೆ ಹತ್ತಿರದ ದೇವಗಂಗೆ ಕೊಳಗಳನ್ನೂ ನೋಡಿ, ಅಲ್ಲಿ ಅಮ್ಮ ಹತ್ತುವುದೇನೂ ಇಲ್ಲ.