ಪದ ಬೇಕು, ತುರ್ತು: ‘ಸಿವಿಲಿಯನ್ ಇಂಟೆಲಿಜೆನ್ಸ್ ಆಫೀಸರ್’

ಕಲಬುರಗಿಯಿಂದ:
ಕಾಲೇಜಿನ ಪ್ರದರ್ಶನಕ್ಕೆ ರಾಮೇಶ್ವರನಾಥ ಕಾವ್ ಅವರ ಪರಿಚಯವನ್ನು ಕನ್ನಡಕ್ಕೆ ತರುತ್ತಿದ್ದೇನೆ. 1940ರಲ್ಲಿ ಪೊಲೀಸ್ ನೌಕರಿ, 1947ರಲ್ಲಿ ಐಬಿ, ಅಂದರೆ ಕೇಂದ್ರದ ಗುಪ್ತಚರ ದಳ. 1968ರಲ್ಲಿ ವಿದೇಶಿ ಗುಪ್ತಚರ ಸಂಸ್ಥೆ ರಾ ಶುರುವಾದಾಗ ಅದರ ಮೊದಲ ಮುಖ್ಯಸ್ಥರು, 1977ರವರೆಗೂ ಅವರೇ. ಸಿವಿಲಿಯನ್ ಅಂದರೆ ಸೇನೆಯವರಲ್ಲದವರು ಎಂದು ‘ಹಿರಿಯ ನಾಗರಿಕ ಗುಪ್ತಚರ ಅಧಿಕಾರಿ’ ಎಂದು ಬರೆದುಕೊಟ್ಟೆ. ಫ್ಲೆಕ್ಸ್ ಅಂಗಡಿಯ ಹುಡುಗ ಓದಿ, “ಸರ್, ಹಿರಿಯ ನಾಗರಿಕ ಅಂದ್ರ ಅರವತ್ತು ದಾಟಿದವ್ರಲ್ರೀ?” ಎಂದ. ನಾಳೆ ಬೆಳಿಗ್ಗೆಯೇ ಪ್ರಿಂಟು. ದಯವಿಟ್ಟು ಬೇಗ ಹೇಳಿ.

ಬೀದರಿನಿಂದ:
ಹುಡುಗ ಜಾಣ. ಮೊದಲು ‘ಗುಪ್ತಚರ’ ಬಿಡಿ. ಅಚ್ಚಗನ್ನಡದ ‘ಬೇಹು’ ಇರುವಾಗ ಸಂಸ್ಕೃತ ಯಾಕೆ? ತಮಿಳಿನಲ್ಲಿ ವೇವು, ತೆಲುಗಿನಲ್ಲಿ ವೇಗು, ನಮ್ಮಲ್ಲಿ ಬೇಹು. ವಕಾರ ಬಕಾರವಾಗುವುದು ಇಲ್ಲಿ ಯಾರಿಗೂ ಹೊಸದಲ್ಲ. ‘ಬೇಕು’ ಎಂಬರ್ಥದ ನಡುಗನ್ನಡದ ‘ಬೇಹುದು’ ಬೇರೆ ಪದ, ಗಂಟು ಹಾಕಬೇಡಿ. ‘ಹಿರಿಯ ಬೇಹುಗಾರ’ ಸಾಕು.

ಯಾದಗಿರಿಯಿಂದ:
ಸಾಲದು. ಬೇಹುಗಾರ ಎಂದರೆ ವೇಷ ಹಾಕಿ ಸುದ್ದಿ ತರುವವನು. ಕಾವ್ ಆ ಸುದ್ದಿಯನ್ನು ಜರಡಿ ಹಿಡಿದು ಪ್ರಧಾನಿಗೆ ಮುಟ್ಟಿಸುವ ಕುರ್ಚಿಯಲ್ಲಿದ್ದವರು. ರಾ ಇರುವುದು ಸಂಪುಟ ಸಚಿವಾಲಯದಡಿ, ಸೇನೆಯಡಿ ಅಲ್ಲ. ‘ಗುಪ್ತಚರ’ಕ್ಕೂ ಇದೇ ತೊಡಕು, ಚರ ಎಂದರೆ ಓಡಾಡುವವನು. ನಮ್ಮ ರಾಜ್ಯದ ಪೊಲೀಸರಲ್ಲೇ ‘ಗುಪ್ತವಾರ್ತೆ’ ಅಂತ ವಿಭಾಗ ಇದೆಯಲ್ಲ, ಅದನ್ನು ತಗೊಳ್ಳಿ. ವೇವು-ವೇಗು ಚರ್ಚೆಯಿಂದ ಫ್ಲೆಕ್ಸ್ ಆಗುವುದಿಲ್ಲ.

ಕಲಬುರಗಿಯ ಇನ್ನೊಬ್ಬರು:
‘ಸಿವಿಲಿಯನ್’ ಬಗ್ಗೆ ಯಾರೂ ಮಾತಾಡಲೇ ಇಲ್ಲ! ಮರಾಠಿಯಲ್ಲಿ ಇಂದಿಗೂ ‘ಮುಲಕಿ’ ಎನ್ನುತ್ತಾರೆ. ನಿಜಾಮರ ಆಳ್ವಿಕೆ ಕಂಡ ನಮ್ಮ ಭಾಗಕ್ಕೆ ‘ಮುಲ್ಕಿ’ ಏನು ಹೊಸದಾ? ‘ಮುಲ್ಕಿ ಅಧಿಕಾರಿ’ ಅನ್ನಿ. ದಫ್ತರ, ಕಚೇರಿ, ತಹಶೀಲು ಎಲ್ಲ ಬಳಸುತ್ತೀರಿ, ಇದಕ್ಕೆ ಮಾತ್ರ ಮಡಿ ಯಾಕೆ?

ಬೀದರಿನಿಂದ:
ನಿಜಾಮರ ದಫ್ತರ 1948ಕ್ಕೇ ಮುಚ್ಚಿತು.

ಯಾದಗಿರಿಯಿಂದ:
ಅದಿರಲಿ, ಅರ್ಥವೇ ಕೆಡುತ್ತದೆ. ಹೈದರಾಬಾದ್ ಸೀಮೆಯಲ್ಲಿ ಮುಲ್ಕಿ ಎಂದರೆ ಈ ಸಂಸ್ಥಾನದವನು, ಹೊರಗಿನಿಂದ ಬಂದವನು ಗೈರ್ ಮುಲ್ಕಿ. ಕಾವ್ ಬನಾರಸಿನಲ್ಲಿ ಹುಟ್ಟಿದ ಕಾಶ್ಮೀರಿ ಪಂಡಿತರು. ಅವರನ್ನು ಮುಲ್ಕಿ ಎಂದರೆ ಹಳಬರು ನಕ್ಕಾರು. ಸುಮ್ನೆ ‘ಸೇನೆಯವರಲ್ಲ’ ಎಂದು ಬಿಡಿಸಿ ಬರೆಯಿರಿ. ಎಲ್ಲಕ್ಕೂ ಒಂದೇ ಪದ ಸಿಗಬೇಕೆಂಬ ಹಟ ಇಂಗ್ಲಿಷಿನವರಿಗೂ ಇಲ್ಲ.

ಬೀದರಿನಿಂದ:
ವಾರ್ತೆ ಸಂಸ್ಕೃತ, ಅಧಿಕಾರಿ ಸಂಸ್ಕೃತ. ಏನಾದರೂ ಮಾಡಿಕೊಳ್ಳಿ.

ಕಲಬುರಗಿಯಿಂದ:
ಕೊಟ್ಟುಬಂದೆ. ‘ಗುಪ್ತವಾರ್ತೆಯ ಹಿರಿಯ ಅಧಿಕಾರಿ. ಸೇನೆಯವರಲ್ಲ, ಪೊಲೀಸ್ ನೌಕರಿಯಿಂದ ಬಂದವರು.’ ಬೀದರ್ ಸರ್ ಬೇಜಾರಾಗಬೇಡಿ, ಕೆಳಗಿನ ಸಾಲಿನಲ್ಲಿ ‘ದೇಶದ ಹೊರಗಿನ ಬೇಹು ನೋಡಿಕೊಳ್ಳಲು ಕಟ್ಟಿದ ಸಂಸ್ಥೆ ರಾ’ ಎಂದು ಸೇರಿಸಿದ್ದೇನೆ. ಅಕ್ಷರ ಜಾಸ್ತಿಯಾಗಿ ಫೋಟೊ ಅಂಗೈಯಷ್ಟಾಯಿತು. ಪ್ರಚಾರದಿಂದ ದೂರವೇ ಇದ್ದವರು, ಕಾವ್ ಅವರೇನೂ ಬೇಡ ಅನ್ನುತ್ತಿರಲಿಲ್ಲ, ಅಲ್ವಾ?