ಕ್ಯಾನ್ಸರ್ ಬರೋದು ಈಗಿನ ಜೀವನಶೈಲಿಯಿಂದಾನಾ, ಇಲ್ಲಾ ವಯಸ್ಸಿಂದಾನಾ?

ಪ್ರಶ್ನೆ:
ಅಮ್ಮಂಗೆ 67, ಹೋದ ತಿಂಗಳು ಬ್ರೆಸ್ಟ್ ಕ್ಯಾನ್ಸರ್ ಅಂತ ಗೊತ್ತಾಯ್ತು. ನೋಡೋಕೆ ಬಂದವರೆಲ್ಲ ಒಂದೊಂದು ಕಾರಣ ಹೇಳಿ ಹೋಗ್ತಾರೆ, ಪ್ಲಾಸ್ಟಿಕ್ ಡಬ್ಬ ಅಂತೆ, ಮೈಕ್ರೋವೇವ್ ಅಂತೆ, ನಮ್ಮ ಕಾಲದಲ್ಲಿ ಈ ಕಾಯಿಲೆ ಎಲ್ಲಿತ್ತು ಅಂತ ಬೇರೆ. ನಿನ್ನೆ ನೋಡಿದ್ರೆ ಅಮ್ಮ ಅಡುಗೆಮನೆ ಡಬ್ಬ ಎಲ್ಲಾ ಇಳಿಸಿ ಚೀಲಕ್ಕೆ ತುಂಬ್ತಾ ಕೂತಿದ್ರು, ನಾನೇನ್ ತಪ್ಪು ಮಾಡ್ದೆ ಹೇಳು ಅಂದ್ರು. ಬಾಯೇ ಬರ್ಲಿಲ್ಲ ನಂಗೆ. ತಿಳಿದವ್ರು ಹೇಳಿ ಪ್ಲೀಸ್.

ಉತ್ತರ 1:
ತಪ್ಪು ಅವರದ್ದಲ್ಲ, ಮೊದ್ಲು ಅದನ್ನ ಹೇಳಿ. ಒಂದು ಜೀವಕೋಶ ಎರಡಾಗ್ಬೇಕು ಅಂದ್ರೆ ಡಿಎನ್‌ಎಯ, ಅಂದ್ರೆ ಕೋಶ ಹೇಗೆ ನಡೀಬೇಕು ಅಂತ ಬರೆದಿರೋ ಸೂಚನೆಯ, ಸುಮಾರು 600 ಕೋಟಿ ಅಕ್ಷರ ನಕಲಾಗ್ಬೇಕು, ದೇಹ ತಪ್ಪುಗಳನ್ನ ತಿದ್ದುತ್ತೆ ಆದ್ರೂ ಅಲ್ಲೊಂದು ಇಲ್ಲೊಂದು ಉಳ್ಕೊಳ್ಳುತ್ತೆ, ವರ್ಷ ಹೋದ ಹಾಗೆ ಸೇರ್ತಾ ಸೇರ್ತಾ ಒಂದಿನ ಯಾವುದೋ ಕೋಶ ಹಿಡಿತಕ್ಕೆ ಸಿಗದೆ ಬೆಳೆಯುತ್ತೆ. ಹಿಂದೆ ಇರ್ಲಿಲ್ಲ ಅನ್ನೋದೂ ಸುಳ್ಳು. ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕ ಸುಮಾರು 17 ಲಕ್ಷ ವರ್ಷ ಹಳೇ ಕಾಲ್ಮೂಳೇಲೇ ಕ್ಯಾನ್ಸರ್ ಇತ್ತು. ಆಗ 67 ಮುಟ್ಟೋವಷ್ಟು ದಿನ ಬದುಕ್ತಿದ್ದವರೇ ಕಮ್ಮಿ.

ಉತ್ತರ 2:
ಎಲ್ಲಾನೂ ವಯಸ್ಸಿನ ಮೇಲೆ ಹಾಕೋದನ್ನ ನಾನು ಒಪ್ಪಲ್ಲ. ಸಿಗರೇಟು ಮನೆಮನೆಗೆ ಬರೋ ಮುಂಚೆ ಶ್ವಾಸಕೋಶದ ಕ್ಯಾನ್ಸರ್ ಅಪರೂಪದ ಕಾಯಿಲೆ, 1950ರಲ್ಲಿ ಬ್ರಿಟನ್ನಿನ ಸಂಶೋಧಕರು ಡಾಲ್ ಮತ್ತು ಹಿಲ್ ಆ ನಂಟು ತೋರಿಸಿಕೊಟ್ರು. ಜಪಾನಿನಿಂದ ಅಮೆರಿಕಕ್ಕೆ ಹೋದ ಕುಟುಂಬಗಳಲ್ಲಿ ಒಂದೆರಡು ತಲೆಮಾರಿಗೇ ಬ್ರೆಸ್ಟ್ ಕ್ಯಾನ್ಸರ್ ಜಾಸ್ತಿ ಆಯ್ತು, ಹೊಟ್ಟೆ ಕ್ಯಾನ್ಸರ್ ಕಮ್ಮಿ ಆಯ್ತು, ವಯಸ್ಸು ಒಂದೇ ಕಾರಣ ಆಗಿದ್ರೆ ಹೀಗಾಗ್ತಿತ್ತಾ? ಆದ್ರೆ ಬ್ರೆಸ್ಟ್ ಕ್ಯಾನ್ಸರ್ ವಿಷಯದಲ್ಲಿ ಬದಲಾದ ಜೀವನ ಅಂದ್ರೆ ಡಬ್ಬ ಅಲ್ಲ ನೋಡಿ, ಬೇಗ ಮುಟ್ಟಾಗೋದು, ಮಕ್ಕಳು ಕಮ್ಮಿ, ಎದೆಹಾಲು ಕೊಡೋ ಕಾಲ ಕಮ್ಮಿ, ಮೆನೋಪಾಸ್ ಆದ್ಮೇಲೆ ತೂಕ, ಮದ್ಯ, ಇವೆಲ್ಲ ರಿಸ್ಕ್ ಸ್ವಲ್ಪ ಸ್ವಲ್ಪ ಏರಿಸುತ್ವೆ. ಇದ್ರಲ್ಲಿ ಅರ್ಧ ಯಾರ ಕೈಲೂ ಇಲ್ಲ, ಮಕ್ಕಳು ಎರಡೇ ಸಾಕು ಅಂದಿದ್ದು ತಪ್ಪು ಅಂತ ಯಾವ ಬಾಯಲ್ಲಿ ಹೇಳೋದು? ಮೈಕ್ರೋವೇವ್ ಅಂತೂ ಬಿಟ್ಟುಬಿಡಿ, ಆ ಅಲೆಗೆ ಡಿಎನ್‌ಎ ಮುರಿಯೋ ಶಕ್ತಿನೇ ಇಲ್ಲ.

ಉತ್ತರ 3:
ನಂಗೂ ಇದೇ ಆಗಿತ್ತು, ಟ್ರೀಟ್‌ಮೆಂಟ್ ಮುಗಿದು ಆರು ವರ್ಷ. ಕೀಮೋಗಿಂತ ಜಾಸ್ತಿ ಸುಸ್ತು ಮಾಡಿದ್ದು ಜನ ಹೇಳೋ ಕಾರಣಗಳು. ನೋಡೋಕೆ ಬರೋರಿಗೆ ನೀವೇ ಬಾಗಿಲಲ್ಲೇ ಹೇಳಿ, ಕಾರಣದ ಮಾತು ಬೇಡ ಅಂತ. ಮನೇಲಿ ಬೇರೆ ಯಾರಿಗಾದ್ರೂ ಬಂದಿತ್ತಾ ಅಂತ ಡಾಕ್ಟರಿಗೆ ತಿಳಿಸಿ, ನೀವು ಮಗಳಾಗಿದ್ರೆ ನಿಮ್ಮ ಸ್ಕ್ರೀನಿಂಗ್ ಯಾವಾಗಿಂದ ಅಂತಾನೂ ಕೇಳಿ.

ಪ್ರಶ್ನೆ ಕೇಳಿದವರು:
ಹೌದು, ಮಗಳೇ. ಗುರುವಾರ ಡಾಕ್ಟರ್ ಹತ್ರ ಹೋಗ್ತಿದೀವಿ, ಕೇಳ್ತೀನಿ. ಮೂಳೆ ವಿಷಯ ಓದಿ ಹೇಳಿದೆ, ಅಷ್ಟು ಹಳೇದಾ ಇದು ಅಂತ ಸುಮ್ನೆ ಕೂತ್ರು. ಡಬ್ಬದ ಚೀಲ ಇನ್ನೂ ಬಾಗಿಲ ಹತ್ರನೇ ಇದೆ.